ಸೈಕಲ್ಲಿಗೆ ಮೂರು ಮೊಳ ದಾರಿ

ಸೈಕಲ್ಲನ್ನು ಕುರಿತು ನಮ್ಮ ವಿದ್ಯಾವಂತರಲ್ಲಿ ಎರಡೇ ಅಭಿಪ್ರಾಯಗಳಿವೆ. ಅದು ಗತಿಯಿಲ್ಲದವನ ವಾಹನ, ಬಸ್ಸಿಗೆ ಕಾಸಿಲ್ಲದವನು ತುಳಿಯುತ್ತಾನೆ ಎಂಬುದು ಒಂದು. ಅದು ಹಣ ಹೆಚ್ಚಾದವನ ಶೋಕಿ, ಲಕ್ಷ ರೂಪಾಯಿಯ ಸೈಕಲ್ಲು ಕೊಂಡು, ಮೈಗೆ ಅಂಟಿದ ಬಣ್ಣದ ಉಡುಪು ತೊಟ್ಟು, ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ಕಡೆ ಹೋಗಿ ಇಡ್ಲಿ ತಿಂದು ಬರುವವನ ಆಟ ಎಂಬುದು ಇನ್ನೊಂದು. ಇವೆರಡರ ನಡುವೆ ಮೂರನೆಯದೊಂದು ಉಂಟು, ಸೈಕಲ್ಲು ದೇಶ ನೋಡುವ ಸಾಧನವೂ ಹೌದು, ಅದಕ್ಕೆ ರಸ್ತೆಯ ಮೇಲೆ ಒಂದು ಹಕ್ಕೂ ಉಂಟು ಎಂದು ಯಾರಾದರೂ ಹೇಳಿದರೆ ಕೇಳುವವರು ಮುಗುಳ್ನಗುತ್ತಾರೆ. ಮುಗುಳ್ನಗೆಗೆ ಉತ್ತರ ಕೊಡುವುದು ಕಷ್ಟ. ಅದೃಷ್ಟವಶಾತ್ ನನ್ನ ಸಹೋದ್ಯೋಗಿಗಳೊಬ್ಬರು ತಮ್ಮ ನಗೆಯನ್ನು ಮಾತಿಗೆ ಇಳಿಸಿದ್ದಾರೆ. ಅವರು ಅರ್ಥಶಾಸ್ತ್ರದವರು, ಸಾಧುಗಳು.

"ಸರ, ಕೊಂಕಣದ ದಂಡಿಗುಂಟ ದೊಡ್ಡ ರಸ್ತೆ ಆತಂದ್ರ ಮುಂಜಾನೆ ವೆಂಗುರ್ಲೆದಾಗ ನಾಷ್ಟಾ, ರಾತ್ರಿ ಮುಂಬಯಿಯೊಳಗ ಊಟ. ನೀವು ಮಾತ್ರ ಸೈಕಲ್ ತುಳಕೋತ, ಖಾರಿ ದಂಡಿಮ್ಯಾಲೆ ದೋಣಿ ಕಾಕೋತ ಕೂಡ್ರವ್ರು. ದೇಶ ಮುಂದ ಹೋಗೂದು ಬ್ಯಾಡೇನ್ರಿ?"

ದೇಶ ಮುಂದೆ ಹೋಗಬೇಕು. ಆದರೆ ಯಾರನ್ನು ದಾರಿಯಿಂದ ಕೆಳಗಿಳಿಸಿ ಹೋಗಬೇಕು ಎಂಬುದೇ ಇಲ್ಲಿಯ ಪ್ರಶ್ನೆ. ಈ ಲೇಖನ ಅವರಿಗೆ ಉತ್ತರ. ಅವರಂತೆ ಯೋಚಿಸುವವರು ನಗರಗಳಲ್ಲಿ ಬಹಳ ಜನ ಇರುವುದರಿಂದ, ಸ್ಟಾಫ್ ರೂಮಿನಲ್ಲಿ ಮುಗಿಸಬಹುದಾಗಿದ್ದ ಮಾತನ್ನು ಇಲ್ಲಿಗೆ ತಂದಿದ್ದೇನೆ.

ಮೊದಲು ದಾರಿ ಯಾವುದೆಂದು ಹೇಳಬೇಕು. ಬೆಳಗಾವಿಯಿಂದ ಪಡುವಣಕ್ಕೆ ಹೊರಟವನು ಅಂಬೋಲಿಯ ಬಳಿ ಘಟ್ಟದ ಅಂಚಿಗೆ ಬರುತ್ತಾನೆ. ಸಮುದ್ರಮಟ್ಟದಿಂದ ಸುಮಾರು ೬೯೦ ಮೀಟರು ಎತ್ತರದ ಊರು. ಮಹಾರಾಷ್ಟ್ರದಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲೊಂದು. ನಮ್ಮ ಸಂಕೇಶ್ವರದ ಹಿರಣ್ಯಕೇಶಿ ಹುಟ್ಟುವುದು ಇಲ್ಲಿಯೇ. ಹೊಳೆ ಮೂಡಣಕ್ಕೆ ತಿರುಗಿ ಘಟಪ್ರಭೆಯನ್ನು ಕೂಡಲು ಹೋದರೆ, ದಾರಿ ಪಡುವಣಕ್ಕೆ ಇಳಿದು ಸಾವಂತವಾಡಿಯ ಮೇಲೆ ಹಾಯ್ದು ವೆಂಗುರ್ಲೆಯ ಕಡಲಿಗೆ ಮುಟ್ಟುತ್ತದೆ. ಮರ್ಮಗೋವೆಯ ರೈಲು ಬರುವ ಮೊದಲು ಬೆಳಗಾವಿಗೆ ಕಡಲಿನ ಸರಕು ಬರುತ್ತಿದ್ದದ್ದು ಈ ದಾರಿಯಿಂದ. ಎತ್ತಿನ ಗಾಡಿ ಏರಬೇಕೆಂದು ಮಾಡಿದ ದಾರಿಯಾದ್ದರಿಂದ ಏರು ಹದವಾಗಿದೆ, ತಿರುವು ಬಹಳವಿದೆ. ಎತ್ತಿಗೆ ಹಿತವಾದ ರಸ್ತೆ ಸೈಕಲ್ಲಿಗೂ ಹಿತ. ಇದನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ವೆಂಗುರ್ಲೆಯಿಂದ ಬಡಗಣಕ್ಕೆ ತಿರುಗಿದರೆ ಮಾಲವಣ, ಕುಣಕೇಶ್ವರ, ದೇವಗಡ, ವಿಜಯದುರ್ಗ, ಜೈತಾಪುರ, ರತ್ನಾಗಿರಿ, ಗಣಪತಿಪುಳೆ, ಜಯಗಡ, ಗುಹಾಗರ, ದಾಭೋಳ, ಹರ್ಣೈ, ಬಾಣಕೋಟ, ಶ್ರೀವರ್ಧನ. ಹೀಗೆ ಕಡಲನ್ನು ಎಡಗೈಗೆ ಇಟ್ಟುಕೊಂಡು ಮುಂಬಯಿಯ ಎದುರು ದಂಡೆಯ ರೇವಸದವರೆಗೆ ಹೋಗಬಹುದು. ಸೈಕಲ್ಲಿನವರು ಬಹಳ ಜನ ಇದನ್ನು ಬಡಗಣಿಂದ ತೆಂಕಣಕ್ಕೆ, ಮುಂಬಯಿಯಿಂದ ಗೋವೆಗೆ ತುಳಿಯುತ್ತಾರೆ. ನಾನು ಕನ್ನಡದವನು, ನನ್ನ ಮನೆಯಿಂದ ಹೊರಟೆ, ಅದಕ್ಕಾಗಿ ತಿರುವುಮುರುವು. ದಾಭೋಳದವರೆಗೆ ಹೋಗಿ ಚಿಪಳೂಣಕ್ಕೆ ಬಂದು ರೈಲು ಹತ್ತಿದೆ. ನನ್ನ ಸೈಕಲ್ಲಿಗೆ ಗೇರುಗಳಿಲ್ಲ. ಕ್ಯಾರಿಯರಿನ ಮೇಲೆ ಎರಡು ಪಂಚೆ, ಒಂದು ಪಂಪು, ಅವಲಕ್ಕಿಯ ಗಂಟು. ಸಾಹಸವೆಂದು ಹೇಳಿಕೊಳ್ಳುವಂಥದು ಏನೂ ಇರಲಿಲ್ಲ. ಏರಿನಲ್ಲಿ ಇಳಿದು ತಳ್ಳಿದೆ, ಅಷ್ಟೆ.

ಈ ದಾರಿ ಏಕೆ ಹೀಗೆ ಹತ್ತಿ ಇಳಿಯುತ್ತದೆ ಎಂಬುದರಲ್ಲಿಯೇ ಅದರ ಸ್ವಾರಸ್ಯ. ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ದಖ್ಖನ್ನಿನ ನೆಲ ಬಿರಿದು ಲಾವಾರಸ ಹರಿಯಿತು. ಚಿತ್ರದಲ್ಲಿ ಕಾಣುವಂತೆ ಶಿಖರದ ಬಾಯಿಂದ ಬೆಂಕಿ ಕಾರುವ ಬೆಟ್ಟವಲ್ಲ. ಉದ್ದುದ್ದ ಬಿರುಕುಗಳಿಂದ ಉಕ್ಕಿ, ನೆಲದ ಮೇಲೆ ಹರಡಿ, ಆರಿ, ಅದರ ಮೇಲೆ ಮತ್ತೊಂದು ಪದರ ಹರಿದು, ಹೀಗೆ ಪದರದ ಮೇಲೆ ಪದರ. ಇಂದಿಗೂ ಸುಮಾರು ೫ ಲಕ್ಷ ಚದರ ಕಿಲೋಮೀಟರು ನೆಲದ ಮೇಲೆ ಈ ಕಪ್ಪು ಕಲ್ಲು ಹಾಸಿದೆ. ಘಟ್ಟದ ಗೋಡೆಗಳನ್ನು ಕೆಳಗಿನಿಂದ ನೋಡಿದರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಭೂಶಾಸ್ತ್ರದವರು ಇದಕ್ಕಿಟ್ಟ 'ಟ್ರ್ಯಾಪ್' ಎಂಬ ಹೆಸರೂ ಸ್ವೀಡಿಷ್ ಭಾಷೆಯ ಮೆಟ್ಟಿಲು ಎಂಬ ಅರ್ಥದ ಮಾತಿನಿಂದ ಬಂದದ್ದು. ಇಂಗ್ಲಿಷಿನ ಬೋನು ಎಂದು ತಿಳಿದು ನಮ್ಮ ವಿದ್ಯಾರ್ಥಿಗಳು ಕಂಗೆಡುವುದುಂಟು.

ವೆಂಗುರ್ಲೆ ಮಾಲವಣಗಳ ಕಡೆ ಈ ಲಾವಾದ ಅಡಿಯ ಇನ್ನೂ ಹಳೆಯ ಶಿಲೆಗಳು ಹೊರಬಿದ್ದಿವೆ. ದೇವಗಡ ದಾಟಿ ಬಡಗಣಕ್ಕೆ ಹೋದಂತೆಲ್ಲ ಕಪ್ಪು ಕಲ್ಲೇ ಕಲ್ಲು. ಅದರ ಮೇಲೆ, ಎಷ್ಟೋ ಲಕ್ಷ ವರ್ಷಗಳ ಮಳೆಗೆ ಕೊಳೆತು ಕೆಂಪಾದ ಮುರಕಲ್ಲಿನ ಟೋಪಿ. ಬೋಳು ಬಯಲಿನಂತಿರುವ ಈ ಕೆಂಪು ಹಾಸನ್ನು ಅಲ್ಲಿಯವರು ಸಡಾ ಎನ್ನುತ್ತಾರೆ. ಹೊಳೆಗಳು ಈ ಹಾಸನ್ನು ಸೀಳಿಕೊಂಡು ಬಂದು ಕಡಲು ಸೇರುವಲ್ಲಿ ಅಗಲವಾದ ಖಾರಿಗಳಾಗಿವೆ. ಆದ್ದರಿಂದ ಸೈಕಲ್ಲಿನವನಿಗೆ ಪ್ರತಿ ದಿನದ ಪಾಠ ಒಂದೇ: ಖಾರಿಯ ದಂಡೆಯ ತೆಂಗಿನ ತೋಟದಿಂದ ಸಡಾದ ಮೇಲಕ್ಕೆ ಏರು, ಮೇಲೆ ಒಂದಷ್ಟು ದೂರ ಗಾಳಿ, ಬಿಸಿಲು, ಹುಲ್ಲು, ಮತ್ತೆ ಒಮ್ಮೆಗೇ ಇಳಿದು ಇನ್ನೊಂದು ಖಾರಿಯ ದಂಡೆ. ಒಂದು ಸಡಾ ಎಂದರೆ ನೂರು ಮೀಟರಿನ ಆಸುಪಾಸು. ಅದನ್ನು ಒಂದು ದಿನ ನಾಲ್ಕು ಸಾರಿ ಹತ್ತಿದವನಿಗೆ ಲಾವಾ ಎಷ್ಟು ದಪ್ಪ, ಹೊಳೆ ಎಷ್ಟು ಆಳಕ್ಕೆ ಕೊರೆದಿದೆ ಎಂಬುದನ್ನು ಯಾವ ಭೂಪಟವೂ ಹೇಳಬೇಕಾಗಿಲ್ಲ. ತೊಡೆ ಹೇಳುತ್ತದೆ.

ಕಾರಿನಲ್ಲಿ ಹೋದವನೂ ಇದನ್ನೇ ನೋಡುತ್ತಾನಲ್ಲ ಎನ್ನಬಹುದು. ನೋಡುವುದಿಲ್ಲ. ರಾಜಾಪುರ ರತ್ನಾಗಿರಿಗಳ ಸುತ್ತಿನ ಸಡಾಗಳ ಮೇಲೆ ಯಾವ ಕಾಲದವರೋ ಮುರಕಲ್ಲನ್ನು ಕೊರೆದು ಆನೆ, ಹುಲಿ, ಮೀನು, ಮನುಷ್ಯರ ಆಕೃತಿಗಳನ್ನು ಬಿಟ್ಟುಹೋಗಿದ್ದಾರೆ. ಬಾರಸೂ, ಉಕ್ಷಿ, ಕಶೇಳಿ ಮೊದಲಾದ ಊರುಗಳ ಈ ಚಿತ್ರಗಳು ೨೦೨೨ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಇವು ಗೋಡೆಯ ಮೇಲಿಲ್ಲ, ಗವಿಯೊಳಗಿಲ್ಲ. ನೆಲದ ಮೇಲೆ ಅಂಗಾತ ಮಲಗಿವೆ. ದನ ಕಾಯುವ ಹುಡುಗನಿಗೆ ಗೊತ್ತಿದ್ದ ಇವು ವಿದ್ವಾಂಸರಿಗೆ ಗೊತ್ತಾಗಲು ಇಷ್ಟು ಕಾಲ ಏಕೆ ಹಿಡಿಯಿತು? ಗಂಟೆಗೆ ಎಂಬತ್ತು ಕಿಲೋಮೀಟರಿನ ವೇಗದಲ್ಲಿ ಹೋಗುವವನು ಎಂದೂ ನೆಲವನ್ನು ನೋಡುವುದಿಲ್ಲ. ಡಾಂಬರನ್ನೂ ಅಂಚಿನ ಗೆರೆಯನ್ನೂ ನೋಡುತ್ತಾನೆ. ಇದೇ ಬಾರಸೂವಿನ ಸಡಾದ ಮೇಲೆ ತೈಲ ಶುದ್ಧೀಕರಣದ ಕಾರಖಾನೆಗಾಗಿ ಮಣ್ಣಿನ ಪರೀಕ್ಷೆಗೆ ಬಂದಾಗ, ೨೦೨೩ರಲ್ಲಿ, ಹಳ್ಳಿಯ ಹೆಂಗಸರು ಬಿಸಿಲಲ್ಲಿ ಅಡ್ಡ ಮಲಗಿದರು. ಸಡಾ ಖಾಲಿ ಜಾಗ ಎಂದು ಬರೆದುಕೊಂಡವರು ಅದರ ಮೇಲೆ ನಡೆದವರಲ್ಲ.

ಕನ್ನಡದವನಿಗೆ ಈ ಕಪ್ಪು ಕಲ್ಲಿನಿಂದ ಆಗಬೇಕಾದ್ದೇನು ಎಂದು ಕೇಳುವವರಿಗೂ ಉತ್ತರವುಂಟು. ಮಹಾಬಲೇಶ್ವರದ ಒಂದೇ ಲಾವಾದ ಗುಡ್ಡದಿಂದ ಕೃಷ್ಣೆಯೂ ಸಾವಿತ್ರಿಯೂ ಹೊರಡುತ್ತವೆ. ಸಾವಿತ್ರಿ ಪಡುವಣಕ್ಕೆ ಧುಮುಕಿ ಬಾಣಕೋಟದಲ್ಲಿ ಕಡಲು ಸೇರುತ್ತಾಳೆ. ಕೃಷ್ಣೆ ನಮ್ಮ ಕಡೆ ತಿರುಗಿ, ಬೆಳಗಾವಿ ಬಾಗಲಕೋಟೆ ವಿಜಾಪುರಗಳ ಹೊಲ ಮುಟ್ಟಿ, ಬಂಗಾಲದ ಕೊಲ್ಲಿಯವರೆಗೆ ಹೋಗುತ್ತಾಳೆ. ನಾವು ಜೋಳ ಬೆಳೆಯುವ ಎರೆಮಣ್ಣು ಇದೇ ಕಲ್ಲು ಕೊಳೆತು ಆದದ್ದು. ಗೋಲಗುಮ್ಮಟ ಕಟ್ಟಿದ್ದು ಇದೇ ಕಲ್ಲಿನಲ್ಲಿ. ಆ ಗುಮ್ಮಟ ಕಟ್ಟಿದ ಆದಿಲಶಾಹಿಗೆ ಕಡಲ ಬಾಗಿಲಾಗಿದ್ದದ್ದು ದಾಭೋಳ. ಅರಬರ ಕುದುರೆ ಇಳಿದದ್ದು, ಮಕ್ಕೆಗೆ ಹೋಗುವವರು ಹಡಗು ಹತ್ತಿದ್ದು ಅಲ್ಲಿ. ಖಾರಿಯ ದಂಡೆಯ ಮೇಲೆ ತೆಂಗಿನ ಮರಗಳ ನಡುವೆ ೧೭ನೆಯ ಶತಮಾನದ ಒಂದು ಮಸೀದಿ ನಿಂತಿದೆ. ಕಪ್ಪು ಕಲ್ಲು, ಒಂದು ಗುಮ್ಮಟ, ನಾಲ್ಕು ಮೀನಾರು. ವಿಜಾಪುರ ನೋಡಿದವನಿಗೆ ನೆಂಟರ ಮುಖ ಕಂಡಂತಾಗುತ್ತದೆ. ನಾನು ಸೈಕಲ್ಲನ್ನು ಅದರ ಕಟ್ಟೆಗೆ ಆನಿಸಿ ಒಂದು ತಾಸು ಕುಳಿತೆ. ಮೀನು ಒಣಹಾಕುತ್ತಿದ್ದ ಅಜ್ಜಿಯೊಬ್ಬಳು ಎಲ್ಲಿಯವನೆಂದು ಕೇಳಿದಳು. ವಿಜಾಪುರದ ಕಡೆಯವನೆಂದರೆ, "ಹಾಗಾದರೆ ಇದು ನಿಮ್ಮವರು ಕಟ್ಟಿದ್ದೇ" ಎಂದಳು. ಇತಿಹಾಸದ ಎಂಎ ತರಗತಿಯಲ್ಲಿ ಇಷ್ಟು ಚೊಕ್ಕಟವಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಇನ್ನು ದೋಣಿಯ ಮಾತು. ಈ ದಾರಿಯಲ್ಲಿ ಜಯಗಡ-ತವಸಾಳದ ನಡುವೆ ಶಾಸ್ತ್ರಿ ಹೊಳೆ, ಧೋಪಾವೆ-ದಾಭೋಳದ ನಡುವೆ ವಾಶಿಷ್ಠಿ, ವೇಶವಿ-ಬಾಗಮಾಂಡಲದ ನಡುವೆ ಸಾವಿತ್ರಿ, ದಿಘಿ-ಆಗರದಾಂಡದ ನಡುವೆ ರಾಜಪುರಿಯ ಖಾರಿ. ಇವನ್ನು ಫೆರಿಯಲ್ಲಿ ದಾಟುವುದು ರೂಢಿ. ಬಾಗಿಲು ತೆರೆದ ಕಬ್ಬಿಣದ ತಟ್ಟೆಯಂಥ ಹಡಗು. ಕಾರು, ಮೋಟರ್‌ಸೈಕಲ್ಲು, ಮೀನಿನ ಬುಟ್ಟಿ, ಶಾಲೆಯ ಮಕ್ಕಳು, ಸೈಕಲ್ಲು, ಎಲ್ಲಕ್ಕೂ ಒಂದೇ ಹಲಗೆ. ದೋಣಿ ಇಲ್ಲದಿದ್ದರೆ ದಾಭೋಳಕ್ಕೂ ಗುಹಾಗರಕ್ಕೂ ನಡುವೆ ಚಿಪಳೂಣದವರೆಗೆ ಒಳಗೆ ಹೋಗಿ ಸುತ್ತಿ ಬರಬೇಕು. ಸೈಕಲ್ಲಿಗೆ ಅದು ಇಡೀ ದಿನದ ತುಳಿತ. ಈ ಖಾರಿಗಳಿಗೆ ಸೇತುವೆ ಕಟ್ಟಿ ರೇವಸದಿಂದ ರೆಡ್ಡಿಯವರೆಗೆ ಕಡಲ ಹೆದ್ದಾರಿ ಮಾಡುವ ಯೋಜನೆ ಮಹಾರಾಷ್ಟ್ರದಲ್ಲಿ ನಾಲ್ಕು ದಶಕಗಳ ಹಿಂದಿನದು. ಈಗ ಅದು ಕೈಗೂಡುವ ಹಾದಿಯಲ್ಲಿದೆ.

ಸೇತುವೆ ಬೇಡವೆಂದು ನಾನು ಹೇಳಿದರೆ ಅದು ಪಾಪದ ಮಾತಾಗುತ್ತದೆ. ನಾನು ಹತ್ತು ದಿನದ ಅತಿಥಿ. ಬಸುರಿಯನ್ನು ರಾತ್ರಿ ಹನ್ನೆರಡಕ್ಕೆ ದವಾಖಾನೆಗೆ ಒಯ್ಯಬೇಕಾದವನಿಗೆ ದೋಣಿಯ ಸೊಬಗನ್ನು ವರ್ಣಿಸುವ ಅಧಿಕಾರ ನನಗಿಲ್ಲ. ನಮ್ಮಲ್ಲಿಯೇ ನೋಡಿ. ೧೯೬೪ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ನಿಂತ ಮೇಲೆ ತುಮರಿಯ ಕಡೆಯ ಜನ ಅರುವತ್ತು ವರ್ಷ ಲಾಂಚು ಕಾದರು. ಅವರು ಮುಳುಗಿಸಿಕೊಂಡ ನೆಲದಿಂದ ಬಂದ ವಿದ್ಯುತ್ತಿನಲ್ಲಿ ನಾವು ಪುಸ್ತಕ ಓದಿದೆವು. ಅಂಬಾರಗೋಡ್ಲು-ಕಳಸವಳ್ಳಿಯ ನಡುವೆ ೨.೪೪ ಕಿಲೋಮೀಟರಿನ ಸೇತುವೆ ತೆರೆದದ್ದು ೨೦೨೫ರ ಜುಲೈ ೧೪ರಂದು. ಲಾಂಚಿನ ಪ್ರಯಾಣದ ಕಾವ್ಯ ಮುಗಿಯಿತೆಂದು ಆಗ ಬೆಂಗಳೂರಿನಲ್ಲಿ ಕುಳಿತು ನಿಟ್ಟುಸಿರಿಟ್ಟ ಬರಹಗಳನ್ನು ಓದಿ ನನಗೆ ನಾಚಿಕೆಯಾಯಿತು. ಇನ್ನೊಬ್ಬರ ತೊಂದರೆ ನಮ್ಮ ಕಾವ್ಯವಾಗಬಾರದು.

ಆದ್ದರಿಂದ ನನ್ನ ವಾದ ಸೇತುವೆಯ ವಿರುದ್ಧವಲ್ಲ. ಸೇತುವೆಯ ಮೇಲೆ ಯಾರಿಗೆ ಜಾಗ ಎಂಬುದೇ ನನ್ನ ವಾದ. ೨೦೦೯ರಲ್ಲಿ ಬಾಂದ್ರಾ-ವರಳಿಯ ಸಮುದ್ರ ಸೇತುವೆ ತೆರೆಯಿತು, ಸೈಕಲ್ಲಿಗೆ ಪ್ರವೇಶವಿಲ್ಲ. ೨೦೨೪ರ ಜನವರಿಯಲ್ಲಿ ಮುಂಬಯಿಯಿಂದ ಎದುರು ದಂಡೆಗೆ ೨೧.೮ ಕಿಲೋಮೀಟರಿನ ಅಟಲ್ ಸೇತು ತೆರೆಯಿತು. ಸೈಕಲ್ಲಿರಲಿ, ಮೋಟರ್‌ಸೈಕಲ್ಲಿಗೂ ಪ್ರವೇಶವಿಲ್ಲ. ನಮ್ಮ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಟ್ಟಿಯಿಂದ ೨೦೨೩ರ ಆಗಸ್ಟ್ ೧ರಿಂದ ದ್ವಿಚಕ್ರಗಳನ್ನೂ ಆಟೋಗಳನ್ನೂ ಟ್ರ್ಯಾಕ್ಟರುಗಳನ್ನೂ ಹೊರಗಿಟ್ಟರು. ಅವುಗಳ ಪಾಲಿಗೆ ಪಕ್ಕದ ಸರ್ವೀಸ್ ರಸ್ತೆ ಉಳಿಯಿತು. ಅಪಘಾತ ತಪ್ಪಿಸುವುದಕ್ಕೆ ಎಂದು ಕಾರಣ ಕೊಡುತ್ತಾರೆ. ಓಡುವ ಹೋರಿ ಹಾಯುತ್ತದೆಂದು ಕೂಸನ್ನು ಅಂಗಳದಿಂದ ಹೊರಗೆ ಹಾಕಿ ಬಾಗಿಲಿಕ್ಕಿದಂತಾಯಿತು.

ನೆಲದ ಮೇಲಾದರೆ ಪಕ್ಕದ ದಾರಿಯಾದರೂ ಇರುತ್ತದೆ. ಖಾರಿಯ ಮೇಲೆ ಪಕ್ಕದ ದಾರಿ ಎಲ್ಲಿ? ದೋಣಿಯ ಹಲಗೆಯ ಮೇಲೆ ಸೈಕಲ್ಲಿಗೆ ಇದ್ದ ಜಾಗ ಸೇತುವೆಯ ಮೇಲೆ ಇಲ್ಲವಾದರೆ, ಸೇತುವೆಯಾದ ಮರುದಿನ ಗಿರಾಕಿಯಿಲ್ಲದೆ ದೋಣಿ ನಿಂತುಹೋದರೆ, ನೂರು ವರ್ಷದಿಂದ ಎದುರು ದಂಡೆಯ ಸಂತೆಗೆ ಹೋಗುತ್ತಿದ್ದವನಿಗೆ ಸಂತೆ ಒಂದು ದಿನದಷ್ಟು ದೂರವಾಗುತ್ತದೆ. ಅಭಿವೃದ್ಧಿಯಿಂದ ಅವನು ಹಿಂದಕ್ಕೆ ಹೋದನು. ಈ ಲೆಕ್ಕವನ್ನು ನನ್ನ ಅರ್ಥಶಾಸ್ತ್ರದ ಮಿತ್ರರು ಯಾವ ಖಾನೆಯಲ್ಲಿ ಬರೆಯುತ್ತಾರೋ!

"ಈಗ ಸೈಕಲ್ ಯಾರು ತುಳೀತಾರ್ರೀ" ಎಂಬ ಮಾತು ಹಿಂದೆಯೇ ಬರುತ್ತದೆ. ೨೦೧೧ರ ಜನಗಣತಿಯ ಪ್ರಕಾರ ಈ ದೇಶದ ನೂರು ಮನೆಗಳಲ್ಲಿ ಸುಮಾರು ೪೫ ಮನೆಗಳಲ್ಲಿ ಸೈಕಲ್ಲಿತ್ತು. ಕಾರಿದ್ದದ್ದು ಐದಕ್ಕಿಂತ ಕಡಿಮೆ ಮನೆಗಳಲ್ಲಿ. ಆ ಮೇಲೆ ಪ್ರಮಾಣ ಬದಲಾಗಿರಬಹುದು, ತಲೆಕೆಳಗಾಗಿಲ್ಲ. ನಮ್ಮ ಸರಕಾರವೇ ೨೦೦೬-೦೭ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ವರ್ಷ ವರ್ಷ ಲಕ್ಷಗಟ್ಟಲೆ ಸೈಕಲ್ಲು ಹಂಚಿತು. ಕರಾವಳಿಯ ಹಳ್ಳಿಗಳ ಹೆಣ್ಣುಮಕ್ಕಳು ಆ ಸೈಕಲ್ಲಿನ ಮೇಲೆ ಹೈಸ್ಕೂಲು ಮುಗಿಸಿದ್ದನ್ನು ನಾನು ಬಲ್ಲೆ; ಅವರಲ್ಲಿ ಕೆಲವರು ನನ್ನ ವಿದ್ಯಾರ್ಥಿನಿಯರು. ಒಂದು ಇಲಾಖೆ ಸೈಕಲ್ಲು ಕೊಟ್ಟಿತು. ಇನ್ನೊಂದು ಇಲಾಖೆ ಅದೇ ಊರಿನ ಮುಂದೆ ಸೈಕಲ್ಲು ದಾಟಲಾಗದ ರಸ್ತೆ ಮಾಡಿತು. ಇವೆರಡೂ ಒಂದೇ ವಿಧಾನಸೌಧದ ನೆರಳಿನಲ್ಲಿಯೋ ದಿಲ್ಲಿ-ಬೆಂಗಳೂರುಗಳ ನಡುವಿನ ಕಾಗದಗಳಲ್ಲಿಯೋ ನಡೆದವು. ಇವುಗಳಿಗೆ ಪರಸ್ಪರ ಪರಿಚಯವಿದ್ದಂತೆ ಕಾಣಲಿಲ್ಲ.

ಸೈಕಲ್ಲಿನ ಮೇಲೆ ದೇಶ ನೋಡುವುದು ಪರದೇಶದವರಿಂದ ಕಲಿತ ಚಟ ಎನ್ನುವವರಿಗೆ ಒಂದು ಸಂಗತಿ ತಿಳಿದಿರಲಿ. ೧೯೨೩ರ ಅಕ್ಟೋಬರಿನಲ್ಲಿ ಮುಂಬಯಿಯ ಆರು ಜನ ಪಾರಸಿ ತರುಣರು ಸೈಕಲ್ಲು ಹತ್ತಿ ಲೋಕ ಸುತ್ತಲು ಹೊರಟರು. ಆದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಮ್ ಭೂಮಗರಾ ಎಂಬ ಮೂವರು ಸುಮಾರು ೭೧ ಸಾವಿರ ಕಿಲೋಮೀಟರು ತುಳಿದು ೧೯೨೮ರಲ್ಲಿ ತಿರುಗಿ ಬಂದರು. ಅವರು ಬರೆದ ಪುಸ್ತಕಕ್ಕೆ ಮುನ್ನುಡಿ ಬರೆದವರು ಜವಾಹರಲಾಲ ನೆಹರೂ. ಅವರ ಹಿಂದೆ ಔಷಧದ ವ್ಯಾನು ಬರಲಿಲ್ಲ, ಮುಂದೆ ಛಾಯಾಚಿತ್ರದವನು ಓಡಲಿಲ್ಲ.

ಇದನ್ನು ಹೇಳುವಾಗ ಈಗಿನ ಕೆಲವು ಸಾಹಸಿಗಳ ಮೇಲೂ ಒಂದು ಮಾತು ಹೇಳದೆ ಇರಲಾರೆ. ಇವರು ನನ್ನ ಕಡೆಯವರೇ; ಆದರೂ ಹೇಳಬೇಕು. ದಿನಕ್ಕೆ ಇನ್ನೂರು ಕಿಲೋಮೀಟರು ತುಳಿದೆವೆಂದು ಫೋನಿನಲ್ಲಿ ಲೆಕ್ಕ ತೋರಿಸುತ್ತಾರೆ. ದಾರಿಯಲ್ಲಿ ಯಾವ ಊರು ಬಂತು ಎಂದರೆ ಊರಿನ ಹೆಸರಿಗೆ ಬದಲು ಅಂಕಿ ಬರುತ್ತದೆ. ಕಾರಿನವನ ಅವಸರವನ್ನೇ ಸೈಕಲ್ಲಿಗೆ ಕಟ್ಟಿಕೊಂಡು ಹೋಗುವವನು ಸೈಕಲ್ಲಿನಿಂದ ಪಡೆದದ್ದು ಬೆವರೊಂದೇ. ನಮ್ಮ ಪ್ರವಾಸ ಲೇಖಕರದೂ ಇದೇ ಸ್ಥಿತಿ. ವಿ. ಸೀತಾರಾಮಯ್ಯನವರು 'ಪಂಪಾಯಾತ್ರೆ' ಬರೆದ ಭಾಷೆ ನಮ್ಮದು. ಈಗ ಬರುವ ಪ್ರವಾಸ ಕಥನಗಳಲ್ಲಿ ವಿಮಾನ ಎಷ್ಟು ತಡವಾಯಿತು, ಹೋಟೆಲಿನಲ್ಲಿ ಸಸ್ಯಾಹಾರ ಸಿಕ್ಕಿತೇ ಇಲ್ಲವೇ ಎಂಬುದಕ್ಕೆ ಹತ್ತು ಪುಟ. ನೆಲಕ್ಕೆ ಅರ್ಧ ಪುಟ. ಪಾಪ, ಅವರ ಕಾಲು ನೆಲಕ್ಕೆ ತಾಗಿದ್ದೇ ಅಷ್ಟು.

ಇದೀಗ ನಮ್ಮದೇ ಕರಾವಳಿಗೆ ಬರುತ್ತೇನೆ. ಕೊಂಕಣದ ದಾರಿಯನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೂ ಅದೇ ಕಾರಣ. ಅಲ್ಲಿ ಇನ್ನೂ ಉಳಿದಿರುವುದನ್ನು ಇಲ್ಲಿ ನಾವು ಕಳೆದುಕೊಂಡಿದ್ದೇವೆ. ಕಾರವಾರದಿಂದ ಮಂಗಳೂರಿನವರೆಗೆ ಕಡಲು, ಹೊಳೆ, ಗುಡ್ಡ ಮೂರೂ ಒಂದನ್ನೊಂದು ಒತ್ತಿಕೊಂಡು ಇರುವ ಕಿರಿದಾದ ಪಟ್ಟಿ. ಇದರ ಮೇಲೆ ಹದಿನೇಳನೆಯ ನಂಬರಿನ ಹೆದ್ದಾರಿ ಇತ್ತು; ಅದನ್ನೇ ಅರುವತ್ತಾರು ಎಂದು ಕರೆದು ನಾಲ್ಕು ಪಟ್ಟಿ ಮಾಡಿದರು. ಹಳೆಯ ದಾರಿ ಗುಡ್ಡವನ್ನು ಬಳಸಿ ಹೋಗುತ್ತಿತ್ತು, ಎತ್ತಿನ ಗಾಡಿಯ ದಾರಿ. ಹೊಸ ದಾರಿಗೆ ಬಳಸು ಆಗದು. ವೇಗ ಹೆಚ್ಚಿದಷ್ಟೂ ರಸ್ತೆ ನೇರವಾಗಬೇಕು. ನೇರವಾಗಬೇಕಾದರೆ ಗುಡ್ಡದ ಬುಡ ಕಡಿಯಬೇಕು. ಮುರಕಲ್ಲಿನ ಗುಡ್ಡದ ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದರೆ ಮಳೆಗಾಲದಲ್ಲಿ ಮೇಲಿನ ಮಣ್ಣು ನೀರು ಕುಡಿದು ಜಾರುತ್ತದೆ. ೨೦೨೪ರ ಜುಲೈ ೧೬ರಂದು ಅಂಕೋಲೆಯ ಬಳಿ ಶಿರೂರಿನಲ್ಲಿ ಅದೇ ಆಯಿತು. ಗುಡ್ಡ ಹೆದ್ದಾರಿಯ ಮೇಲೆ ಬಿದ್ದು ಗಂಗಾವಳಿಯವರೆಗೂ ಹೋಯಿತು. ರಸ್ತೆಯ ಬದಿ ಚಹದಂಗಡಿ ಇಟ್ಟುಕೊಂಡಿದ್ದ ಸಂಸಾರ, ಲಾರಿ ನಿಲ್ಲಿಸಿ ವಿಶ್ರಮಿಸುತ್ತಿದ್ದವರು ಮಣ್ಣಿನಡಿ ಹೋದರು. ಹೊಳೆಯ ಆಚೆ ದಂಡೆಯ ಉಳುವರೆಯಲ್ಲಿ, ಹೆದ್ದಾರಿಗೂ ತಮಗೂ ಸಂಬಂಧವೇ ಇಲ್ಲದವರ ಮನೆಗಳ ಮೇಲೆ, ಉಕ್ಕಿದ ನೀರು ಬಿದ್ದಿತು. ಮೂರು ವಾರ ಕಳೆದಿತ್ತಷ್ಟೆ, ಆಗಸ್ಟ್ ೬-೭ರ ನಡುರಾತ್ರಿ ಕಾರವಾರದ ಹತ್ತಿರ ಕಾಳಿ ಹೊಳೆಯ ಹಳೆಯ ಸೇತುವೆ ಲಾರಿಯೊಂದರ ಸಮೇತ ಕುಸಿಯಿತು.

ಸೈಕಲ್ಲಿಗೆ ದಾರಿ ಬಿಟ್ಟಿದ್ದರೆ ಶಿರೂರಿನ ಗುಡ್ಡ ಬೀಳುತ್ತಿರಲಿಲ್ಲ ಎಂಬ ಹುಚ್ಚು ಮಾತನ್ನು ನಾನು ಆಡುವುದಿಲ್ಲ. ಗುಡ್ಡದ ಬುಡ ಕಡಿಯುವ ಮನಸ್ಸೂ ಸೈಕಲ್ಲಿನವನನ್ನು ಅಂಚಿಗೆ ತಳ್ಳುವ ಮನಸ್ಸೂ ಒಂದೇ ಎನ್ನುತ್ತೇನೆ. ಎರಡಕ್ಕೂ ಊರೆಂದರೆ ಅಡ್ಡಿ. ನಾನು ಆ ರಸ್ತೆಯಲ್ಲಿ ಒಮ್ಮೆ ಅಂಕೋಲೆಯಿಂದ ಕುಮಟೆಯವರೆಗೆ ತುಳಿದೆ. ಲಾರಿಯೊಂದು ಹಿಂದಿನಿಂದ ಹಾರನ್ನು ಹಾಕಿ, ನಾನು ಸರಿಯುವ ಮೊದಲೇ ಒತ್ತಿಕೊಂಡು ಹೋಯಿತು. ಅಂಚಿನ ಜಲ್ಲಿಯಲ್ಲಿ ಇಳಿದು ಬಿದ್ದೆ. ಮೊಣಕಾಲಿನ ಗಾಯ ಹತ್ತು ದಿನದಲ್ಲಿ ಮಾಯ್ದಿತು. ಅದೇ ಅಂಚಿನಲ್ಲಿ ದಿನಕ್ಕೆ ಎರಡು ಸಾರಿ ಶಾಲೆಗೆ ಹೋಗಿ ಬರುವ ಹುಡುಗಿಯ ತಾಯಿ ಸಂಜೆ ಐದಕ್ಕೆ ಬಾಗಿಲಲ್ಲಿ ಏಕೆ ನಿಂತಿರುತ್ತಾಳೆ ಎಂಬುದು ಆಗ ನನಗೆ ತಿಳಿಯಿತು. ಸಾಯಂಕಾಲ ತದಡಿಗೆ ಬಂದು, ತಾರಿಯ ದೋಣಿಯಲ್ಲಿ ಸೈಕಲ್ಲನ್ನಿಟ್ಟು ಅಘನಾಶಿನಿಗೆ ದಾಟಿದಾಗ ಜೀವ ಬಂದಂತಾಯಿತು. ದೋಣಿಯವನು ಮೊಣಕಾಲು ನೋಡಿ, "ಹೈವೇ ಮೇಲಿಂದ ಬಂದ್ರಾ?" ಎಂದ. ಬೇರೆ ಏನೂ ಕೇಳಲಿಲ್ಲ.

ಸರಕು ಸಾಗಬೇಕಲ್ಲ, ಲಾರಿಗಳು ಎಲ್ಲಿ ಹೋಗಬೇಕು ಎಂಬುದು ಕಡೆಯ ಬಲವಾದ ಆಕ್ಷೇಪ. ಇದಕ್ಕೆ ಉತ್ತರ ಇಪ್ಪತ್ತೈದು ವರ್ಷಕ್ಕೂ ಹಿಂದೆಯೇ ಸಿಕ್ಕಿದೆ. ೧೯೯೮ರಲ್ಲಿ ಪೂರ್ಣವಾದ ಕೊಂಕಣ ರೈಲು, ಮರುವರ್ಷವೇ ತುಂಬಿದ ಲಾರಿಗಳನ್ನು ಹಾಗೆ ಹಾಗೇ ಗಾಡಿಯ ಮೇಲೆ ಹತ್ತಿಸಿಕೊಂಡು ಹೋಗುವ ವ್ಯವಸ್ಥೆ ಮಾಡಿತು. ಮೊದಲು ಕೋಲಾಡದಿಂದ ಗೋವೆಯ ವೆರ್ಣಾಕ್ಕೆ, ಆಮೇಲೆ ನಮ್ಮ ಸುರತ್ಕಲ್ಲಿನವರೆಗೂ. ಚಾಲಕ ತನ್ನ ಲಾರಿಯಲ್ಲೇ ಮಲಗಿ ಬರುತ್ತಾನೆ. ಗುಡ್ಡ ಕಡಿಯಲು ಸುರಿದ ಹಣದ ಒಂದು ಪಾಲನ್ನು ಈ ಕಡೆ ತಿರುಗಿಸಿದ್ದರೆ ರಸ್ತೆ ಎಷ್ಟು ಹಗುರವಾಗುತ್ತಿತ್ತು ಎಂಬುದನ್ನು ಅರ್ಥಶಾಸ್ತ್ರದವರೇ ಗುಣಿಸಿ ಹೇಳಲಿ.

ಲಾವಾದ ನೆಲ, ಕಡಲ ದಂಡೆ, ಸೈಕಲ್ಲಿನ ದಾರಿ ಮೂರನ್ನೂ ಕೂಡಿಸಿದ ಸರಕಾರವೊಂದಿದೆ ಎಂಬುದನ್ನೂ ಹೇಳಬೇಕು. ದಕ್ಷಿಣ ಕೊರಿಯಾದ ಜೇಜು ದ್ವೀಪ ಜ್ವಾಲಾಮುಖಿಯಿಂದ ಹುಟ್ಟಿದ್ದು. ನಡುವೆ ೧,೯೦೦ ಮೀಟರಿಗೂ ಎತ್ತರದ ಹಲ್ಲಾಸಾನ್ ಬೆಟ್ಟ, ಲಾವಾ ಹರಿದು ಆದ ಸುರಂಗಗಳು, ದಂಡೆಯಲ್ಲಿ ಕಂಬಕಂಬವಾಗಿ ನಿಂತ ಕಪ್ಪು ಕಲ್ಲು. ೨೦೦೭ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ೨೦೧೫ರಲ್ಲಿ ಅವರು ದ್ವೀಪದ ಸುತ್ತ ೨೩೪ ಕಿಲೋಮೀಟರಿನ ಸೈಕಲ್ಲು ದಾರಿ ಪೂರೈಸಿದರು. ಅದರಲ್ಲಿ ಬಹುಭಾಗ ಹೊಸ ದಾರಿಯಲ್ಲ. ಇದ್ದ ರಸ್ತೆಯ ಅಂಚಿನಲ್ಲಿ ನೀಲಿ ಗೆರೆ ಎಳೆದರು, ಅಲ್ಲಲ್ಲಿ ಪುಸ್ತಕಕ್ಕೆ ಮುದ್ರೆ ಒತ್ತಿಕೊಳ್ಳುವ ಗೂಡು ಇಟ್ಟರು. ಅಲ್ಲಿಯೂ ಬಾಡಿಗೆ ಕಾರುಗಳ ಜಾತ್ರೆ ಇಲ್ಲದಿಲ್ಲ. ಸ್ವರ್ಗವೆಂದು ನಾನು ಹೇಳುತ್ತಿಲ್ಲ. ಕಾರುಗಳ ಜಾತ್ರೆಯ ನಡುವೆಯೂ ಒಂದು ಗೆರೆ ಎಳೆಯಬಹುದು ಎಂದಷ್ಟೆ.

ಕಂಬದ ಕಲ್ಲಿಗಾಗಿ ನಾವು ಕೊರಿಯಾಕ್ಕೆ ಹೋಗಬೇಕಾಗಿಯೂ ಇಲ್ಲ. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದಲ್ಲಿ, ಅಲ್ಲಿಯವರ ತೋನ್ಸೆಪಾರಿನಲ್ಲಿ, ಆರು ಮುಖದ ಕಂಬಗಳು ಕಡಲಿಗೆ ಎದೆಗೊಟ್ಟು ನಿಂತಿವೆ. ಇವು ದಖ್ಖನ್ನಿನ ಲಾವಾಕ್ಕಿಂತಲೂ ಹಿರಿಯವು, ಸುಮಾರು ೮ ಕೋಟಿ ೮೦ ಲಕ್ಷ ವರ್ಷದವು. ಮಡಗಾಸ್ಕರ್ ನಮ್ಮ ನೆಲದಿಂದ ಕಿತ್ತುಕೊಂಡು ಹೋದ ಕಾಲದ ಕಲ್ಲು. ನಮ್ಮಲ್ಲಿ ರಜೆಯ ದಿನ ಅಲ್ಲಿಗೆ ಕಾರಿನಲ್ಲಿ ಬಂದು, ದೋಣಿ ಹತ್ತಿ, ಕಂಬದ ಮೇಲೆ ನಿಂತು ಫೋಟೋ ತೆಗೆಸಿಕೊಂಡು, ಗಂಟೆಯೊಳಗೆ ತಿರುಗುತ್ತಾರೆ. ಕಾರವಾರದಿಂದ ಹೊರಟು, ಒಂದೊಂದೇ ಹೊಳೆ ದಾಟಿ, ಐದನೆಯ ದಿನ 'ಇದು ಬೇರೆ ಕಲ್ಲು' ಎಂದು ಗುರುತಿಸುವ ಹುಡುಗನೊಬ್ಬ ತಯಾರಾಗಬೇಕಾದರೆ ಅವನು ಆ ಐದು ದಿನ ಬದುಕಿ ಉಳಿಯುವ ದಾರಿ ಬೇಕು.

ಕೇಳುತ್ತಿರುವುದು ಬಹಳವಲ್ಲ. ಖಾರಿಗಳ ಮೇಲೆ ಕಟ್ಟುವ ಪ್ರತಿಯೊಂದು ಸೇತುವೆಯಲ್ಲಿ ಎರಡೂ ಬದಿಗೆ ಮೂರು ಮೊಳ ಅಗಲ, ಎಂದರೆ ಒಂದೂವರೆ ಮೀಟರಿಗೆ ತುಸು ಕಡಿಮೆ, ತಡೆಗಂಬಿಯ ಈಚೆ, ಸೈಕಲ್ಲಿಗೂ ಕಾಲ್ನಡಿಗೆಯವರಿಗೂ ಬಿಡಬೇಕು. ಅಷ್ಟು ಬಿಡಲಾಗದ ಸೇತುವೆಯ ಕೆಳಗೆ ದೋಣಿಯನ್ನು ಸರಕಾರದ ಖರ್ಚಿನಲ್ಲಿ ನಡೆಸಬೇಕು. ಹೆದ್ದಾರಿ ನೇರ ಮಾಡಿದಾಗ ಪಕ್ಕಕ್ಕೆ ಬಿದ್ದ ಹಳೆಯ ರಸ್ತೆಯ ತುಂಡುಗಳು, ಗುಡ್ಡ ಬಳಸುವ ಆ ಎತ್ತಿನ ಗಾಡಿಯ ದಾರಿಗಳು, ನಮ್ಮ ಕರಾವಳಿಯುದ್ದಕ್ಕೂ ಇನ್ನೂ ಇವೆ. ಕೆಲವಕ್ಕೆ ಮುಳ್ಳು ಬೆಳೆದಿದೆ, ಕೆಲವನ್ನು ಜಲ್ಲಿ ಸುರಿಯಲು ಬಳಸುತ್ತಾರೆ. ಅವನ್ನು ಮಾರದೆ, ಮುಚ್ಚದೆ, ಒಂದಕ್ಕೊಂದು ಜೋಡಿಸಿ ಕೊಟ್ಟರೆ ಸಾಕು, ಡಾಂಬರನ್ನೂ ಕೇಳುವುದಿಲ್ಲ. ದುಡ್ಡಿಲ್ಲವೆಂದು ಹೇಳುವ ಎಂಜಿನಿಯರು ಮಹಾಶಯರು, ತಮ್ಮ ನಕ್ಷೆಯಲ್ಲಿ ನಡುವಿನ ಹೂಗಿಡಗಳಿಗೆ ಬಿಟ್ಟ ಅಗಲ ಎಷ್ಟು ಎಂಬುದನ್ನು ಒಮ್ಮೆ ಅಳೆದು ನೋಡಲಿ.